ನಿನ್ನೆ 71.2, ಇವತ್ತು 72.4: ತೂಕದ ಮಷಿನ್ ಸುಳ್ಳು ಹೇಳ್ತಿದ್ಯಾ?

ವಾರವಿಡೀ ಅನ್ನ ಕಡಿಮೆ ಮಾಡಿ, ದಿನಾ ವಾಕಿಂಗ್ ಹೋಗಿದ್ದೀರಿ. ಆದ್ರೂ ಬೆಳಗ್ಗೆ ಮಷಿನ್ ಮೇಲೆ ನಿಂತ್ರೆ ನಿನ್ನೆಗಿಂತ 1.2 ಕೆಜಿ ಜಾಸ್ತಿ! ಇಲ್ಲೇ ತುಂಬಾ ಜನ ಡಯಟ್ ಬಿಡ್ತಾರೆ, ಇಲ್ಲಾಂದ್ರೆ ಊಟಾನೇ ಬಿಡ್ತಾರೆ. ಎರಡೂ ಬೇಡ.

ಮೊದಲು ಮಷಿನ್ ಪರೀಕ್ಷೆ ಮಾಡೋಣ. ಮ್ಯಾಟ್ ಮೇಲಿಟ್ಟರೆ, ನೆಲ ಏರುಪೇರಾಗಿದ್ದರೆ ಲೆಕ್ಕ ತಪ್ಪುತ್ತೆ. ಗಟ್ಟಿಯಾದ, ಸಮತಟ್ಟಾದ ನೆಲದ ಮೇಲಿಟ್ಟು ತೂಕ ನೋಡಿ. ಆಮೇಲೆ 5 ಕೆಜಿ ಅಕ್ಕಿ ಪ್ಯಾಕೆಟ್ ಹಿಡಿದು ನಿಲ್ಲಿ. ವ್ಯತ್ಯಾಸ 5ರ ಆಸುಪಾಸಿನಲ್ಲಿದ್ದರೆ ಮಷಿನ್ ನಂಬಬಹುದು.

ಹಾಗಾದ್ರೆ ಏರಿದ್ದೇನು? ಹೆಚ್ಚಾಗಿ ನೀರು. ಅರ್ಧ ಲೀಟರ್ ಕುಡಿದ ತಕ್ಷಣ ಅರ್ಧ ಕೆಜಿ ಏರುತ್ತೆ. ರಾತ್ರಿ ಉಪ್ಪಿನಕಾಯಿ, ಹಪ್ಪಳ ಜಾಸ್ತಿ ಆದ್ರೆ ಆ ಉಪ್ಪು ನೀರನ್ನು ಹಿಡಿದಿಟ್ಟುಕೊಳ್ಳುತ್ತೆ. ಪೀರಿಯಡ್ಸ್ ಹತ್ತಿರ ಬಂದಾಗಲೂ ಹಲವರಿಗೆ ಹೀಗೇ. ಇನ್ನು, ದೇಹ ಕೂಡಿಡೋ ಪ್ರತಿ ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರಿರುತ್ತೆ. ಡಯಟ್‌ನ ಮೊದಲ ವಾರ ಸರ್ರನೆ ಇಳಿಯೋದೂ ಬಹುಪಾಲು ಇದೇ ನೀರು (ಖುಷಿಪಡೋಕೆ ಅಡ್ಡಿಯಿಲ್ಲ ಬಿಡಿ).

1 ಕೆಜಿ ಕೊಬ್ಬು ಸೇರೋಕೆ ಅಗತ್ಯಕ್ಕಿಂತ ಸುಮಾರು 7,700 ಕ್ಯಾಲರಿ ಹೆಚ್ಚು ತಿನ್ನಬೇಕು. ಒಂದು ರಾತ್ರಿಯ ಬಿರಿಯಾನಿಗೆ ಅಷ್ಟು ತಾಕತ್ತಿಲ್ಲ.

ಬೆಳಗ್ಗೆ ಟಾಯ್ಲೆಟ್‌ಗೆ ಹೋಗಿಬಂದು, ಏನೂ ತಿನ್ನೋ ಮುಂಚೆ ತೂಕ ನೋಡಿ ಫೋನ್‌ನಲ್ಲಿ ಬರೆದಿಡಿ. ಈ ವಾರದ ಸರಾಸರಿಯನ್ನು ಹಿಂದಿನ ವಾರದ ಸರಾಸರಿ ಜೊತೆ ಹೋಲಿಸಿ. ಪೀರಿಯಡ್ಸ್ ಆಗುವವರು ಹೋದ ತಿಂಗಳ ಅದೇ ವಾರದ ಜೊತೆ ಹೋಲಿಸಿದ್ರೆ ಇನ್ನೂ ಒಳ್ಳೇದು. ಕಾಲು ಊದಿಕೊಂಡು, ಉಸಿರಾಡೋಕೆ ಕಷ್ಟವಾಗಿ ತೂಕ ಏರ್ತಿದ್ರೆ ಮಾತ್ರ ಸರಾಸರಿ ಹಾಕ್ತಾ ಕೂರಬೇಡಿ, ಡಾಕ್ಟರ್ ಹತ್ರ ಹೋಗಿ.