ಕಬ್ಬಿಗೆ ಸಾರಜನಕ ಎಷ್ಟು? ಬಾಗುರೇಖೆಯ ಲೆಕ್ಕ

ಘಟಪ್ರಭಾ ದಂಡೆಯ ಘೋಡಗೇರಿ ಹಾಗೂ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಕಬ್ಬು ಬೆಳೆಗಾರರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದು: ಎಕರೆಗೆ ಇನ್ನೆರಡು ಚೀಲ ಯೂರಿಯಾ ಹಾಕಿದರೆ ಎಷ್ಟು ಟನ್ ಹೆಚ್ಚು ಬಂದೀತು? ಇದಕ್ಕೆ ಉತ್ತರವನ್ನು ಕಂಪ್ಯೂಟರಿನ ಎಕ್ಸೆಲ್ ಹಾಳೆಯಲ್ಲಿಯೇ ಕಂಡುಕೊಳ್ಳಬಹುದು.

ಲೆಕ್ಕ ತಿಳಿಯಲೆಂದು ಕಲ್ಪಿಸಿಕೊಂಡ ಐದು ತಾಕುಗಳನ್ನು ನೋಡೋಣ. ಎಕರೆಗೆ 0, 40, 80, 120 ಮತ್ತು 160 ಕಿ.ಗ್ರಾಂ ಸಾರಜನಕ ಕೊಟ್ಟಾಗ ಇಳುವರಿ ಕ್ರಮವಾಗಿ 25, 36, 41, 43 ಮತ್ತು 44 ಟನ್. ಇವುಗಳ ನಡುವೆ ಸರಳರೇಖೆ ಎಳೆದರೆ 200 ಕಿ.ಗ್ರಾಂಗೆ 51 ಟನ್ ಬರುತ್ತದೆಂದು ಅದು ಹೇಳುತ್ತದೆ. ಆದರೆ ಮೊದಲ 40 ಕಿ.ಗ್ರಾಂ 11 ಟನ್ ಕೊಟ್ಟಿದ್ದರೆ ಕೊನೆಯ 40 ಕಿ.ಗ್ರಾಂ ಕೊಟ್ಟದ್ದು ಒಂದೇ ಟನ್! ಈ ಕುಂದುತ್ತಾ ಹೋಗುವ ಪ್ರತಿಫಲಕ್ಕೆ ಜರ್ಮನಿಯ ವಿಜ್ಞಾನಿ ಮಿಟ್ಷರ್ಲಿಕ್ 1909ರಲ್ಲಿ ಸೂತ್ರ ಕೊಟ್ಟರು:

ಇಳುವರಿ = ಗ − ಕ × ಇಎಕ್ಸ್‌ಪಿ(−ವ × ಸಾರಜನಕ)

ಇಲ್ಲಿ 'ಗ' ಎಂದರೆ ಗರಿಷ್ಠ ಇಳುವರಿ, 'ಕ' ಗೊಬ್ಬರವಿಲ್ಲದಾಗಿನ ಕೊರತೆ, 'ವ' ಆ ಕೊರತೆ ತುಂಬುವ ವೇಗ. ಎಕ್ಸೆಲ್ ನಕ್ಷೆಯ ಸಿದ್ಧ ರೇಖೆಗಳಲ್ಲಿ ಇದು ಇಲ್ಲ. ಆದ್ದರಿಂದ 'ಸಾಲ್ವರ್' ಎಂಬ ಸೌಲಭ್ಯವನ್ನು ಬಳಸಬೇಕು. ಮೂರು ಮನೆಗಳಲ್ಲಿ ಗ, ಕ, ವ ಗಳ ಅಂದಾಜು ಬರೆಯಿರಿ. ಪ್ರತಿ ತಾಕಿನ ಎದುರು ಸೂತ್ರದ ಇಳುವರಿಯನ್ನೂ, ನಿಜ ಇಳುವರಿಯೊಂದಿಗಿನ ವ್ಯತ್ಯಾಸದ ವರ್ಗವನ್ನೂ ಹಾಕಿ, ವರ್ಗಗಳನ್ನು ಕೂಡಿಸಿರಿ. ಆ ಮೊತ್ತವನ್ನು ಕನಿಷ್ಠ ಮಾಡುವಂತೆ ಸಾಲ್ವರ್‌ಗೆ ತಿಳಿಸಿರಿ.

ಮೊದಲ ಅಂದಾಜಿನಲ್ಲಿ ಎಚ್ಚರ ಬೇಕು. 'ಗ' ಅತಿ ಹೆಚ್ಚಿನ ಇಳುವರಿಗಿಂತ ತುಸು ಮೇಲೆ, 46 ಇರಲಿ; ಆಗ 'ಕ' 46ರಲ್ಲಿ 25 ಕಳೆದು 21. ಸುಮಾರು 40 ಕಿ.ಗ್ರಾಂಗೆ ಕೊರತೆ ಅರ್ಧವಾಗಿದೆ, 0.69ನ್ನು 40ರಿಂದ ಭಾಗಿಸಿದರೆ 'ವ' 0.017. 'ವ' 5 ಎಂದು ಬರೆದರೋ, ರೇಖೆ ಚಪ್ಪಟೆಯಾಗಿ ಸಾಲ್ವರ್ ದಾರಿ ಕಾಣದೆ ನಿಂತುಬಿಡುತ್ತದೆ, ದೋಷ ಯಂತ್ರದ್ದಲ್ಲ. ಸರಿಯಾಗಿ ಹೊರಟರೆ ಗ 44.7, ಕ 19.7, ವ 0.0205 ಎಂದು ಬರುತ್ತದೆ. ಇದರಂತೆ 200 ಕಿ.ಗ್ರಾಂಗೆ ಇಳುವರಿ 44.4 ಟನ್ ಮಾತ್ರ.

ಇನ್ನು ಹಣದ ಮಾತು. 45 ಕಿ.ಗ್ರಾಂ ಯೂರಿಯಾ ಚೀಲದಲ್ಲಿ 20.7 ಕಿ.ಗ್ರಾಂ ಸಾರಜನಕವಿದೆ. ಚೀಲಕ್ಕೆ 270 ರೂ., ಕಬ್ಬಿಗೆ ಟನ್ನಿಗೆ 3,000 ರೂ. ಎಂದು ಹಿಡಿದರೆ, ಎಕರೆಗೆ ಸುಮಾರು 220 ಕಿ.ಗ್ರಾಂವರೆಗೂ ಲಾಭವೆಂದು ಇದೇ ಸೂತ್ರ ಹೇಳುತ್ತದೆ! ಸಹಾಯಧನದ ಯೂರಿಯಾ ಅಷ್ಟು ಅಗ್ಗ. ಈ ಅಂಕಿಯನ್ನು ನಂಬಿ ಚೀಲ ತರಬಾರದು. ನಾವು ಪರೀಕ್ಷಿಸಿದ್ದು 160ರವರೆಗೆ ಮಾತ್ರ, ಮತ್ತು ಈ ರೇಖೆ ಎಂದಿಗೂ ಕೆಳಗಿಳಿಯದು. ಹೊಲದ ಕಬ್ಬು ಹಾಗಲ್ಲ. ಸಾರಜನಕ ಮಿತಿಮೀರಿದರೆ, ಅದರಲ್ಲೂ ತಡವಾಗಿ ಕೊಟ್ಟರೆ, ಕಬ್ಬು ನೆಲಕ್ಕೆ ಬೀಳುತ್ತದೆ, ಮಾಗುವುದು ತಡವಾಗುತ್ತದೆ, ರಸದಲ್ಲಿ ಸಕ್ಕರೆಯ ಅಂಶ ಇಳಿಯುತ್ತದೆ. ಇದಾವುದೂ ಸೂತ್ರದಲ್ಲಿಲ್ಲ.

ಐದು ತಾಕುಗಳಿಂದ ಮೂರು ಅಂಕಿ ಹುಡುಕುವುದೂ ತೀರ ಬಿಗಿಯಾದ ಲೆಕ್ಕವೇ. ವಿಸ್ತರಣಾ ಕಾರ್ಯಕರ್ತರು ಪ್ರತಿ ಪ್ರಮಾಣವನ್ನು ಕನಿಷ್ಠ ಮೂರು ತಾಕುಗಳಲ್ಲಿ ಹಾಕಿಸಿ, 200 ಮತ್ತು 240 ಕಿ.ಗ್ರಾಂಗಳನ್ನೂ ಸೇರಿಸುವುದು ಒಳ್ಳೆಯದು. ತೂಕದ ಜೊತೆಗೆ ರಸದ ಬ್ರಿಕ್ಸನ್ನೂ ಬರೆದಿಡಬೇಕು. ಅಲ್ಲಿ ಇಳುವರಿ ಇಳಿದದ್ದು ಕಂಡರೆ ಮಿಟ್ಷರ್ಲಿಕ್ ಸೂತ್ರವನ್ನು ಬಿಟ್ಟು ವರ್ಗಸಮೀಕರಣದ ರೇಖೆ ಹಾಕಿರಿ. ಅದನ್ನು ಎಕ್ಸೆಲ್ ನಕ್ಷೆ ತಾನೇ ಎಳೆದುಕೊಡುತ್ತದೆ.