ಕಾರಿನ ಮೈಹೊಳಪು

ಬೆಳಗಿನ ಹೊತ್ತು ನಮ್ಮ ಯಾವ ಊರಿನ ಬೀದಿಯಲ್ಲಿ ನಡೆದುಹೋದರೂ ಒಂದು ನೋಟ ತಪ್ಪದೆ ಕಣ್ಣಿಗೆ ಬೀಳುವುದು. ಮನೆಯ ಮುಂದೆ ನಿಂತ ಕಾರು. ಅದರ ಮೇಲೆ ರಾತ್ರಿಯೆಲ್ಲ ಕುಳಿತ ಧೂಳು. ಹಳೆಯ ಬಟ್ಟೆಯೊಂದನ್ನು ಹಿಡಿದು ಆ ಧೂಳನ್ನು ಸರಸರನೆ ಒರೆಸುತ್ತಿರುವ ಒಬ್ಬ ಮನುಷ್ಯ. ಐದು ನಿಮಿಷದಲ್ಲಿ ಕೆಲಸ ಮುಗಿಯುವುದು, ಕಾರು ಫಳಫಳನೆ ಹೊಳೆಯುವುದು. ಹೀಗೆ ದಿನವೂ ಒರೆಸಿಸಿಕೊಂಡ ಕಾರು ಕೆಲವು ವರ್ಷಗಳಲ್ಲಿ ಮಂಕಾಗುತ್ತದೆ. ತಿಂಗಳುಗಟ್ಟಲೆ ಬಟ್ಟೆಯನ್ನೇ ಕಾಣದೆ ಧೂಳು ಹೊತ್ತು ನಿಂತ ನೆರೆಮನೆಯ ಕಾರಾದರೋ, ಒಮ್ಮೆ ಸರಿಯಾಗಿ ತೊಳೆದರೆ, ಅದಕ್ಕಿಂತ ಹೊಸದಾಗಿ ಕಾಣುವುದುಂಟು. ಇದೇನು ವಿಪರೀತ? ಶುಚಿ ಮಾಡುವುದರಿಂದಲೇ ಕಾರು ಕೆಡುವುದೆ? ಬಹುಮಟ್ಟಿಗೆ ಹಾಗೆಯೇ ಎಂದು ಹೇಳಬೇಕಾಗಿದೆ. ಅದು ಹೇಗೆಂಬುದನ್ನು ತಿಳಿಯಬೇಕಾದರೆ ಮೊದಲು ಕಾರಿನ ಹೊಳಪು ಇರುವುದೆಲ್ಲಿ ಎಂದು ನೋಡೋಣ.

ಕಾರಿನ ಬಣ್ಣ ಒಂದೇ ಪದರವಲ್ಲ. ಉಕ್ಕಿನ ತಗಡಿನ ಮೇಲೆ ಮೊದಲು ತುಕ್ಕನ್ನು ತಡೆಯುವ ಪ್ರೈಮರ್, ಅದನ್ನು ನಯಗೊಳಿಸುವ ಇನ್ನೊಂದು ಲೇಪ, ಆಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವೇ ಇಲ್ಲದ ಪಾರದರ್ಶಕವಾದ ಒಂದು ರಾಳದ ಪದರ. ಈ ನಾಲ್ಕೂ ಸೇರಿ ಸುಮಾರು 100ರಿಂದ 150 ಮೈಕ್ರಾನ್ ದಪ್ಪ. ಒಂದು ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ನಾವು ಮೆಚ್ಚುವ ಹೊಳಪೆಲ್ಲ ಇರುವುದು ಮೇಲಿನ ಪಾರದರ್ಶಕ ಪದರದಲ್ಲಿ; ಅದರ ದಪ್ಪವಾದರೋ 40 ಮೈಕ್ರಾನಿನ ಆಸುಪಾಸು, ತಲೆಗೂದಲಿಗಿಂತ ಕಡಮೆ. ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರಿ ಕೆಳಗಿನ ಬಣ್ಣ ಮಾಸದಂತೆ ಕಾಯುವ ದ್ರವ್ಯಗಳನ್ನೂ ಇದರಲ್ಲಿಯೇ ಬೆರೆಸಿರುತ್ತಾರೆ. ಹಳೆಯ ಕಾರುಗಳ ಛಾವಣಿಯಲ್ಲಿಯೂ ಬಾನೆಟ್ಟಿನ ಮೇಲೂ ಬಿಳಿಯ ಹೊಪ್ಪಳೆ ಎದ್ದಂತೆ ಕಾಣುವ ಕಲೆಗಳು ಈ ಪದರ ಸತ್ತುಹೋದುದರ ಗುರುತು.

ಹಿಂದೆ ಹೀಗಿರಲಿಲ್ಲ. ಮೋಟಾರಿನ ಮೊದಲ ದಿನಗಳಲ್ಲಿ ಕುದುರೆಗಾಡಿಗೆ ಬಳಿಯುತ್ತಿದ್ದಂತೆ ಕುಂಚದಿಂದ ಎಣ್ಣೆಬಣ್ಣವನ್ನು ಬಳಿದು ವಾರಗಟ್ಟಲೆ ಒಣಗಿಸುತ್ತಿದ್ದರು. ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರು 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಿ ಮಾತ್ರ ದೊರೆಯುತ್ತಿದ್ದುದು ಪ್ರಸಿದ್ಧ ಸಂಗತಿ. 1920ರ ದಶಕದಲ್ಲಿ ಡ್ಯೂಪಾಂಟ್ ಕಂಪನಿಯ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಬಂದ ಮೇಲೆ ಬಣ್ಣ ಬೇಗನೆ ಒಣಗತೊಡಗಿತು, ಬಗೆಬಗೆಯ ಬಣ್ಣಗಳೂ ಸಾಧ್ಯವಾದುವು. ಆದರೆ ಆ ಲೇಪಗಳಲ್ಲಿ ಬಣ್ಣವೂ ಹೊಳಪೂ ಒಂದೇ ಪದರದಲ್ಲಿದ್ದುವು. ಬಿಸಿಲಿಗೆ ಮೇಲ್ಮೈ ಹಿಟ್ಟುಹಿಟ್ಟಾದಾಗ ಪಾಲಿಷ್ ಹಾಕಿ ಉಜ್ಜಿದರೆ ಸತ್ತ ಪದರ ಬಟ್ಟೆಗೆ ಹತ್ತಿ, ಕೆಳಗಿನ ಹೊಸ ಬಣ್ಣ ಮೇಲೆ ಬರುತ್ತಿತ್ತು. ಆದುದರಿಂದ ಅಂಬಾಸಡರ್, ಫಿಯೆಟ್ ಕಾರುಗಳನ್ನು ಕಂಡ ನಮ್ಮ ಹಿರಿಯರಿಗೆ ‘ಉಜ್ಜಿದಷ್ಟೂ ಹೊಳಪು’ ಎಂಬ ನಂಬಿಕೆ ಬಂದುದು ಸಹಜವೇ. ಪಾರದರ್ಶಕ ಪದರವು 1980ರ ದಶಕದಿಂದೀಚೆಗೆ ಬಳಕೆಗೆ ಬಂದಿತು. ಬಣ್ಣ ಬದಲಾಯಿತು, ಉಜ್ಜುವ ಅಭ್ಯಾಸ ಮಾತ್ರ ಉಳಿದುಕೊಂಡಿತು.

ಇನ್ನು ಧೂಳಿನ ವಿಚಾರ. ನಮ್ಮ ಬಯಲುಸೀಮೆಯ ಅಡಿಪಾಯವೆಲ್ಲ ಗ್ರಾನೈಟ್ ಮತ್ತು ನೈಸ್ ಶಿಲೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯನ್ನು ಹತ್ತಿದವರು ಅದನ್ನು ಮೆಟ್ಟಿಯೇ ಇದ್ದಾರೆ. ಇಂಥ ಕಲ್ಲು ಸವೆದು ಮಣ್ಣಾದಾಗ ಅದರ ಇತರ ಖನಿಜಗಳು ಜೇಡಿಯಾಗಿ ಮೆದುವಾಗುವುವು; ಸ್ಫಟಿಕಶಿಲೆ, ಎಂದರೆ ಕ್ವಾರ್ಟ್ಜ್, ಮಾತ್ರ ಗಟ್ಟಿಯಾಗಿ ಮರಳಿನ ಕಣವಾಗಿ ಉಳಿಯುವುದು. ಖನಿಜಗಳ ಕಾಠಿಣ್ಯವನ್ನು ಅಳೆಯಲು ಮೋಸ್ ಎಂಬ ಜರ್ಮನ್ ವಿದ್ವಾಂಸನು 1812ರಲ್ಲಿ ಹಾಕಿಕೊಟ್ಟ ಮಾನದಲ್ಲಿ ವಜ್ರಕ್ಕೆ 10, ಕ್ವಾರ್ಟ್ಜಿಗೆ 7. ಕಿಟಕಿಯ ಗಾಜು ಐದೂವರೆಯ ಸುಮಾರು. ಗಾಜನ್ನೇ ಗೀರಬಲ್ಲ ಈ ಕಣದ ಮುಂದೆ, ಒಂದು ಬಗೆಯ ಪ್ಲಾಸ್ಟಿಕ್ಕೇ ಆದ ನಮ್ಮ ಪಾರದರ್ಶಕ ಪದರದ ಪಾಡೇನು? ಧೂಳು ಸುಮ್ಮನೆ ಕುಳಿತಿರುವಷ್ಟು ಕಾಲ ಅಪಾಯ ಕಡಮೆ. ಒಣಬಟ್ಟೆಯಿಂದ ಒತ್ತಿ ಎಳೆದ ಕ್ಷಣದಿಂದ ಆ ಬಟ್ಟೆ ಬಡಗಿಯ ಉಪ್ಪುಕಾಗದವೇ ಸರಿ.

ಈ ಗೀರುಗಳನ್ನು ನೆರಳಿನಲ್ಲಿ ನೋಡಿದರೆ ಕಾಣವು. ನಮ್ಮ ಮನೆಯಲ್ಲಿದ್ದ ಕಡುನೀಲಿ ಬಣ್ಣದ ಕಾರನ್ನು ನಾವು ಬಹಳ ಶ್ರದ್ಧೆಯಿಂದ ಸ್ನಾನದ ಹಳೆಯ ಟವೆಲಿನಲ್ಲಿ ಒರೆಸುತ್ತಿದ್ದೆವು. ಒಂದು ದಿನ ಮಧ್ಯಾಹ್ನದ ಬಿಸಿಲಿನಲ್ಲಿ ಬಾನೆಟ್ಟನ್ನು ನೋಡಿದಾಗ ಸೂರ್ಯಬಿಂಬದ ಸುತ್ತ ಜೇಡನ ಬಲೆಯಂತೆ ನೂರಾರು ಸಣ್ಣ ವರ್ತುಲಗಳು ಮಿನುಗುತ್ತಿದ್ದುವು. ಬಟ್ಟೆಯನ್ನು ಸುತ್ತುಸುತ್ತಾಗಿ ಆಡಿಸಿದ್ದರಿಂದ ಹೀಗಾಯಿತೆಂದು ಆಗ ತಿಳಿದೆವು. ಆದರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದಾಗ ಸೂರ್ಯಬಿಂಬವೂ ಸರಿಯಿತು, ಅದರೊಡನೆ ವರ್ತುಲಗಳೂ ಸರಿದುವು! ಗೀರು ಎಂದಾದರೂ ಸ್ಥಳ ಬಿಟ್ಟು ಓಡಾಡುವುದುಂಟೆ?

ಓದುಗರು ಇದನ್ನು ತಮ್ಮ ಅಡುಗೆಮನೆಯಲ್ಲಿಯೇ ಪರೀಕ್ಷಿಸಬಹುದು. ಹಲವು ವರ್ಷ ತಿಕ್ಕಿ ತೊಳೆದ ಸ್ಟೀಲಿನ ತಟ್ಟೆಯೊಂದನ್ನು ದೀಪದ ಕೆಳಗೆ ಹಿಡಿಯಿರಿ. ದೀಪದ ಪ್ರತಿಬಿಂಬದ ಸುತ್ತ ಗೀರುಗಳೆಲ್ಲ ವೃತ್ತಾಕಾರವಾಗಿ ಜೋಡಿಸಿಟ್ಟಂತೆ ತೋರುವುವು. ತಟ್ಟೆಯನ್ನು ಓರೆ ಮಾಡಿದರೆ ವೃತ್ತದ ಕೇಂದ್ರವೂ ಸರಿಯುವುದು. ನಿಜವಾಗಿ ಗೀರುಗಳು ಎಲ್ಲ ದಿಕ್ಕಿಗೂ ಅಡ್ಡಾದಿಡ್ಡಿಯಾಗಿವೆ. ಪ್ರತಿಯೊಂದು ಗೀರೂ ನೇಗಿಲ ಸಾಲಿನಂತೆ ಒಂದು ಸಣ್ಣ ಕಾಲುವೆ; ಅದರ ಇಳಿಜಾರು ದಡಗಳು ಬೆಳಕನ್ನು ತಮ್ಮ ಉದ್ದಕ್ಕೆ ಅಡ್ಡವಾಗಿ ಚದುರಿಸುವುವೇ ಹೊರತು ಉದ್ದದ ದಿಕ್ಕಿಗಲ್ಲ. ಹೀಗಾಗಿ ಬಿಂಬಕ್ಕೂ ಗೀರಿಗೂ ಒಂದು ರೇಖೆಯನ್ನೆಳೆದರೆ, ಆ ರೇಖೆಗೆ ಅಡ್ಡಲಾಗಿ ಮಲಗಿರುವ ಗೀರು ಮಾತ್ರ ನಮ್ಮ ಕಣ್ಣಿನತ್ತ ಬೆಳಕನ್ನು ಕಳುಹಿಸಬಲ್ಲದು. ಅಂಥವುಗಳೆಲ್ಲ ಸೇರಿದಾಗ ಬಿಂಬದ ಸುತ್ತ ವೃತ್ತಗಳಾಗುವುವು. ಮಿಕ್ಕ ದಿಕ್ಕಿನವು ಅಷ್ಟೇ ಸಂಖ್ಯೆಯಲ್ಲಿದ್ದರೂ ಕಾಣವು. ಎಂದರೆ, ಬಿಸಿಲಿನಲ್ಲಿ ನಮಗೆ ಕಂಡದ್ದು ಆದ ಹಾನಿಯ ಒಂದು ಅಂಶ ಮಾತ್ರ.

ಹಾಗಾದರೆ ಒರೆಸಿದ ಕೂಡಲೆ ಹೊಳೆಯುವುದೇಕೆ? ಡೀಸೆಲನ್ನೋ ಸೀಮೆಎಣ್ಣೆಯನ್ನೋ ಬಟ್ಟೆಗೆ ಹಚ್ಚಿ ಒರೆಸಿದರೆ ಕಾರು ಹೊಸದರಂತಾಗುವುದೆಂದು ಕೆಲವು ಚಾಲಕರು ಹೇಳುವುದೂ ಸುಳ್ಳೇನಲ್ಲ. ಆ ಹೊಸತನ ಸಂಜೆಯವರೆಗೆ ಬಾಳುವುದು. ಗೀರು ಕಾಣುವುದು ಅದರೊಳಗೆ ಗಾಳಿ ತುಂಬಿರುವುದರಿಂದ. ಗಾಳಿಯ ವಕ್ರೀಭವನಾಂಕ 1, ರಾಳದ ಪದರದ್ದು ಸುಮಾರು 1.5. ಈ ಅಂತರವಿರುವ ಗಡಿಯಲ್ಲಿ ಬೆಳಕು ಚದುರುವುದು. ಗೀರಿನಲ್ಲಿ ನೀರು ತುಂಬಿದರೆ, ಅದರ ಅಂಕ 1.33 ಆದುದರಿಂದ ಅಂತರ ತಗ್ಗುವುದು. ಎಣ್ಣೆಯ ಅಂಕವಾದರೋ ರಾಳದ್ದಕ್ಕೆ ಇನ್ನೂ ಹತ್ತಿರ, ಗೀರು ಮಾಯವಾದಂತೆಯೇ. ಒದ್ದೆಯಾದ ಕಡಪಾ ಕಲ್ಲು ಕಪ್ಪಗೆ ಹೊಳೆದು, ಒಣಗಿದಾಗ ಬೂದಿಬಣ್ಣಕ್ಕೆ ತಿರುಗುವುದೂ ಇದೇ ಕಾರಣದಿಂದ. ಎಣ್ಣೆ ಗೀರನ್ನು ಮುಚ್ಚುವುದು, ವಾಸಿ ಮಾಡದು. ಅಷ್ಟೇ ಅಲ್ಲ, ಮರುದಿನದ ಧೂಳನ್ನು ಹಿಡಿದಿಟ್ಟುಕೊಂಡು ಮುಂದಿನ ಒರೆಸುವಿಕೆಗೆ ಇನ್ನಷ್ಟು ಉಪ್ಪುಕಾಗದವನ್ನು ಒದಗಿಸುವುದು.

ಇಷ್ಟು ತಿಳಿದ ಮೇಲೆ ಕಾರು ತೊಳೆಯುವ ಕ್ರಮ ತಾನಾಗಿಯೇ ಹೊಳೆಯುತ್ತದೆ. ಮೊದಲು ಮರಳು ಹೋಗಬೇಕು, ಆಮೇಲೆ ಕೈ ತಾಗಬೇಕು. ಗಿಡಗಳಿಗೆ ನೀರು ಚಿಮುಕಿಸುವ ಡಬ್ಬದಿಂದ ಮೇಲಿನಿಂದ ಕೆಳಕ್ಕೆ ನೀರು ಹೊಯ್ದು ಸಡಿಲವಾದ ಕೊಳೆಯನ್ನು ಇಳಿಸಿಬಿಡಬೇಕು. ಬಳಿಕ ಕಾರಿಗೆಂದೇ ಮಾಡಿದ ಶಾಂಪೂ ಬೆರೆಸಿದ ನೀರು. ಸಾಬೂನಿನ ಅಣುವಿಗೆ ಎರಡು ತುದಿ: ಒಂದು ನೀರನ್ನು ಬಯಸುವುದು, ಇನ್ನೊಂದು ಜಿಡ್ಡನ್ನು. ಕೊಳೆಯ ಕಣವನ್ನು ಇಂಥ ಅಣುಗಳು ಸುತ್ತುವರಿದು ಮೇಲ್ಮೈಯಿಂದ ಎತ್ತಿ ನೀರಿನಲ್ಲಿ ತೇಲಿಸುವುವು. ಜತೆಗೆ ಬಟ್ಟೆಗೂ ಬಣ್ಣಕ್ಕೂ ನಡುವೆ ಜಾರುವ ಗುಣವನ್ನು ಕೊಡುವುವು. ಬಟ್ಟೆ ಒಗೆಯುವ ಪುಡಿಯಲ್ಲಿ ಸೋಡಾದಂಥ ಕ್ಷಾರಗಳಿರುವುದರಿಂದ ಅದು ಕೂಡದು. ಪಾತ್ರೆ ತೊಳೆಯುವ ದ್ರವ ಬಣ್ಣವನ್ನು ತಿಂದುಹಾಕುವುದೆಂಬ ಹೆದರಿಕೆ ಅತಿಯಾಯಿತು, ಆದರೆ ಕಾರಿಗೆ ಹಚ್ಚಿದ ಮೇಣವನ್ನು ಅದು ಉಳಿಸದು.

ಬಕೆಟ್ಟುಗಳು ಎರಡಿರಬೇಕು, ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರಿಯ ನೀರು. ಒಂದು ಬಾಗಿಲನ್ನು ಒರೆಸಿದ ಬಟ್ಟೆಯನ್ನು ಮೊದಲು ಬರಿಯ ನೀರಿನಲ್ಲಿ ಜಾಲಿಸಿ, ಮರಳು ತಳಕ್ಕಿಳಿದ ಮೇಲೆ, ಶಾಂಪೂವಿಗೆ ಅದ್ದತಕ್ಕದ್ದು. ಕೆಲಸ ಮುಗಿದಾಗ ಆ ಎರಡನೆಯ ಬಕೆಟ್ಟಿನ ತಳವನ್ನು ಬೆರಳಿನಿಂದ ಮುಟ್ಟಿ ನೋಡಿರಿ. ಮತ್ತೆ ಯಾರೂ ಹೇಳಬೇಕಾಗಿಲ್ಲ. ಬಟ್ಟೆಯೂ ಮುಖ್ಯ. 1970ರ ದಶಕದಲ್ಲಿ ಜಪಾನಿನಲ್ಲಿ ಬೆಳೆದುಬಂದ ಮೈಕ್ರೋಫೈಬರ್ ಎಂಬ ಅತಿಸೂಕ್ಷ್ಮ ನೂಲಿನ ಬಟ್ಟೆಯಲ್ಲಿ ಎಳೆಗಳ ನಡುವಿನ ಸಂದುಗಳೊಳಗೆ ಕಣಗಳು ಸಿಕ್ಕಿಕೊಂಡು ಬಣ್ಣದಿಂದ ದೂರವಾಗುವುವು. ಹಳೆಯ ಬನಿಯನ್ನಿನ ಹೊಲಿಗೆಯಾದರೋ ಸ್ವತಃ ಗೀರುವುದು. ಬಟ್ಟೆಯನ್ನು ನೇರವಾದ ಸಾಲುಗಳಲ್ಲಿ ಎಳೆಯುವುದು ಮೇಲು. ತಪ್ಪಿ ಗೀರು ಬಿದ್ದರೂ ಎಲ್ಲವೂ ಒಂದೇ ದಿಕ್ಕಿಗಿರುವುದರಿಂದ ಎಲ್ಲ ಕಡೆಯಿಂದಲೂ ಕಾಣವು. ಚಕ್ರಗಳಿಗೆ ಬ್ರೇಕಿನ ಕಬ್ಬಿಣದ ಪುಡಿ ಅಂಟಿರುವುದರಿಂದ ಅವುಗಳಿಗೆ ಬೇರೆ ಬಟ್ಟೆ, ಅದೂ ಕಡೆಯಲ್ಲಿ. ನಮ್ಮ ಹಳೆಯ ಟವೆಲಿಗೆ ಈಗ ಈ ಕೆಲಸವೇ ಗತಿಯಾಗಿದೆ.

ಇದಕ್ಕೆಲ್ಲ ಹೊಳೆಯಷ್ಟು ನೀರು ಬೇಕೆಂದು ತಿಳಿಯಬಾರದು. ರಬ್ಬರ್ ಕೊಳವೆಯನ್ನು ಬಿಟ್ಟುಕೊಂಡು ತೊಳೆದರೆ ನೂರಾರು ಲೀಟರು ಮೋರಿಗೆ ಹರಿಯುವುದು. ಮೇಲಿನ ಕ್ರಮದಲ್ಲಿ ನಮಗೆ ಮೂರು ನಾಲ್ಕು ಬಕೆಟ್ಟು ಸಾಕಾಗಿದೆ. 2024ರ ಮಾರ್ಚ್ ತಿಂಗಳಲ್ಲಿ ಕೊಳವೆಬಾವಿಗಳು ಬತ್ತಿ ನೀರಿಗೆ ಹಾಹಾಕಾರವೆದ್ದಾಗ ಬೆಂಗಳೂರಿನ ಜಲಮಂಡಳಿಯು ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡವನ್ನು ಗೊತ್ತುಮಾಡಿದ್ದು ಅನೇಕರಿಗೆ ನೆನಪಿರಬಹುದು. ಕುಡಿಯುವ ನೀರಿಗಿಂತ ಉತ್ತಮವಾದ ನೀರು ಕಾರಿಗೆ ಬೇರೆ ಇದೆ; ಅದು ಮಳೆಯ ನೀರು. ಕೊಳವೆಬಾವಿಯ ಗಡಸು ನೀರಿನಲ್ಲಿ ಸುಣ್ಣದ ಲವಣಗಳು ಕರಗಿರುವುವು. ಹನಿ ಆರಿದಾಗ ನೀರು ಹೋಗಿ ಲವಣ ಉಳಿದು, ಬಿಳಿಯ ಉಂಗುರದಂಥ ಕಲೆಯಾಗುವುದು. ನೀರು ಕಾಯಿಸುವ ಪಾತ್ರೆಯೊಳಗೆ ಕಟ್ಟುವ ಬಿಳಿಯ ಪರೆಗೆ ಇದು ಬಂಧು. ಹೊಸ ಕಲೆಯಾದರೆ ನೀರು ಬೆರೆಸಿದ ವಿನೆಗರಿನಿಂದ ಕರಗಿಸಿ, ಕೂಡಲೆ ತೊಳೆದುಬಿಡಬಹುದು. ಮಳೆಯ ನೀರಿನಲ್ಲಿ ಲವಣವೇ ಅತ್ಯಲ್ಪವಾದುದರಿಂದ, ಮಾಳಿಗೆಯಿಂದ ಹಿಡಿದಿಟ್ಟ ಶುದ್ಧವಾದ ಮಳೆನೀರು ಕಡೆಯ ತೊಳೆತಕ್ಕೆ ಬಹಳ ಒಳ್ಳೆಯದು.

ಬಿಸಿಲಿನಲ್ಲಿ ಕಾರು ತೊಳೆಯಬಾರದೆನ್ನುವುದೂ ಇದೇ ಕಾರಣಕ್ಕೆ. ಒರೆಸುವ ಮುನ್ನವೇ ಹನಿ ಆರಿಬಿಡುವುದು. ಹನಿಗಳು ಭೂತಗನ್ನಡಿಯಾಗಿ ಬಣ್ಣವನ್ನು ಸುಡುವುವೆಂಬ ಮಾತು ಮಾತ್ರ ನಿಲ್ಲದು. ನಯವಾದ ಮೇಲ್ಮೈಯ ಮೇಲೆ ಕುಳಿತ ಹನಿಯ ಬೆಳಕು ಕೂಡುವ ಬಿಂದು ಆ ಮೇಲ್ಮೈಗಿಂತ ಸಾಕಷ್ಟು ಕೆಳಗಿರುವುದು. ಗಿಡದ ಎಲೆಗಳ ಬಗ್ಗೆ ಇದೇ ನಂಬಿಕೆಯನ್ನು ಪರೀಕ್ಷಿಸಿದ ಹಂಗೆರಿಯ ವಿಜ್ಞಾನಿಗಳು, ನುಣುಪಾದ ಎಲೆಯನ್ನು ನೀರಹನಿ ಸುಡಲಾರದೆಂದು 2010ರಲ್ಲಿ ಪ್ರಕಟಿಸಿದರು.

ಹಕ್ಕಿಯ ಹಿಕ್ಕೆಯನ್ನು ಮಾತ್ರ ಭಾನುವಾರದವರೆಗೆ ಕಾಯಿಸಬಾರದು. ಅದರ ಬಿಳಿಯ ಭಾಗವೆಲ್ಲ ಯೂರಿಕ್ ಆಮ್ಲ. ಜತೆಗೆ ಹಕ್ಕಿಯ ಜೀರ್ಣರಸಗಳೂ ಉಂಟು. ಬಿಸಿಲಿಗೆ ರಾಳದ ಪದರ ಹಿಗ್ಗಿ ಮೆತ್ತಗಾಗಿರುವಾಗ ಹಿಕ್ಕೆ ಅದರ ಮೇಲೆ ಗಟ್ಟಿಯಾಗಿ ಕುಳಿತರೆ, ಸಂಜೆ ತಂಪಾಗಿ ಕುಗ್ಗುವ ಪದರವು ಅಲ್ಲಿಯ ಒರಟುತನವನ್ನೇ ತಳೆದು ನಿಲ್ಲುವುದು. ಉಗುರಿನಿಂದ ಕೆರೆಯುವುದು ಇನ್ನೂ ಕೆಟ್ಟದು. ಒದ್ದೆ ಬಟ್ಟೆಯನ್ನು ಅದರ ಮೇಲೆ ಹತ್ತು ನಿಮಿಷ ಹಾಸಿಟ್ಟು, ನೆನೆದ ಮೇಲೆ ಮೆಲ್ಲಗೆ ಎತ್ತಿಬಿಡಬೇಕು. ಕಾರವಾರ, ಮಂಗಳೂರುಗಳಲ್ಲಿರುವವರಿಗೆ ಹಕ್ಕಿಗಿಂತ ಕಡಲಗಾಳಿಯ ಉಪ್ಪು ದೊಡ್ಡ ಶತ್ರು. ಕಲ್ಲೇಟಿಗೆ ಬಣ್ಣ ಹಾರಿದ ಜಾಗದಲ್ಲಿ ಅದು ಉಕ್ಕಿಗೆ ಬೇಗ ತುಕ್ಕು ಹಿಡಿಸುವುದು. ಅಂಥಲ್ಲಿ ಕಾರಿನ ಅಡಿಭಾಗಕ್ಕೂ ಆಗಾಗ ನೀರು ಬೀಳಬೇಕು.

ಪಾಲಿಷ್ ಮತ್ತು ಮೇಣ ಒಂದೇ ಎಂದು ಹಲವರು ತಿಳಿದಿದ್ದಾರೆ. ಪಾಲಿಷ್ ಎಂದರೆ ಅತಿ ನುಣ್ಣಗಿನ ಉಜ್ಜುಪುಡಿ. ಗೀರಿನ ತಳದವರೆಗೆ ಸುತ್ತಲಿನ ಪದರವನ್ನೇ ತೇದು ಸಮಮಾಡುವುದು. ಪ್ರತಿಸಲವೂ ಕೆಲವು ಮೈಕ್ರಾನ್ ಖರ್ಚು. ಇರುವುದೇ 40 ಆದಾಗ ಹಬ್ಬಹಬ್ಬಕ್ಕೂ ಪಾಲಿಷ್ ಮಾಡಿಸುವುದು ಎಂಥ ಲೆಕ್ಕವೆಂದು ವಿದ್ಯಾರ್ಥಿಗಳೇ ಕಳೆದು ನೋಡಲಿ. ಮೇಣ ಹಾಗಲ್ಲ, ಅದು ಏನನ್ನೂ ತೆಗೆಯದೆ ಮೇಲೊಂದು ತೆಳುವಾದ ಹೊದಿಕೆಯಾಗಿ ಕೂರುವುದು, ತಾನು ಸವೆಯುವುದು. ಹೆಸರಾದ ಕಾರ್ನೌಬಾ ಮೇಣ ಬ್ರೆಜಿಲ್ ದೇಶದ ಈಶಾನ್ಯ ಭಾಗದ ಒಂದು ತಾಳೆಯ ಎಲೆಗಳಿಂದ ಬರುತ್ತದೆ. ಒಣಸೀಮೆಯಲ್ಲಿ ನೀರು ಆವಿಯಾಗದಿರಲೆಂದು ಮರ ತನಗಾಗಿ ಮಾಡಿಕೊಂಡ ಹೊದಿಕೆ ಅದು. ಜೇನುಮೇಣ ಸುಮಾರು 63 ಡಿಗ್ರಿ ಸೆಲ್ಸಿಯಸ್ಸಿಗೆ ಕರಗಿದರೆ ಇದು 80 ಡಿಗ್ರಿ ದಾಟಿದ ಮೇಲೆಯೇ ಕರಗುವುದು. ಕೈಯಿಡಲಾರದಷ್ಟು ಕಾದ ಬಾನೆಟ್ಟಿಗೆ ಇದನ್ನು ಆರಿಸಿಕೊಂಡುದರ ಗುಟ್ಟು ಅದೇ.

ಈಗ ಸಿರಾಮಿಕ್ ಲೇಪಗಳ ಭರಾಟೆ. ಸಿಲಿಕಾ ಮೂಲದ ಇವು ಮೇಣಕ್ಕಿಂತ ಹೆಚ್ಚು ಕಾಲ ಬಾಳುವುದು ನಿಜ. ಆದರೆ ಜಾಹೀರಾತಿನಲ್ಲಿ ಬರೆಯುವ ‘9ಎಚ್ ಕಾಠಿಣ್ಯ’ವನ್ನು ಕಂಡು ವಜ್ರಕ್ಕೆ ಒಂದೇ ಮೆಟ್ಟಿಲು ಕೆಳಗೆಂದು ಭಾವಿಸಬೇಡಿ. ಆ ಎಚ್ ಮೋಸ್ ಮಾನದ್ದಲ್ಲ, ನಿಮ್ಮ ಚಿತ್ರಕಲೆಯ ಪೆಟ್ಟಿಗೆಯಲ್ಲಿರುವ ಪೆನ್ಸಿಲಿನದು. 9ಎಚ್ ಪೆನ್ಸಿಲು ಗೀರಲಾರದೆಂಬುದಷ್ಟೆ ಅದರ ಅರ್ಥ. ಬೀದಿಯ ಮರಳನ್ನು ಯಾರೂ ಪೆನ್ಸಿಲಿನಿಂದ ಮಾಡಿಲ್ಲ.

ಮೇಣ ಇದೆಯೋ ಸವೆದಿದೆಯೋ ತಿಳಿಯಲು ತೊಳೆದ ಬಾನೆಟ್ಟಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದರೆ ಸಾಕು. ಕೆಸುವಿನೆಲೆಯ ಮೇಲಿನಂತೆ ಉಂಡೆಯಾಗಿ ನಿಂತರೆ ಇದೆ. ಚಪ್ಪಟೆಯಾಗಿ ಹರಡಿಕೊಂಡರೆ ಮುಗಿದಿದೆ. ಮುಂಗಾರಿಗೆ ಮುನ್ನ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ನಾವು ಈ ಪರೀಕ್ಷೆ ಮಾಡುವುದುಂಟು. ನಡುವಣ ದಿನಗಳಲ್ಲಿ ಧೂಳು ಕುಳಿತರೆ ಕುಳಿತಿರಲೆಂದು ಬಿಟ್ಟಿದ್ದೇವೆ.