ಆಕಾಶದಲ್ಲಿ ಐದು, ರಸ್ತೆಯಲ್ಲಿ ಮೂವತ್ತು

ಬೆಂಗಳೂರಿನಿಂದ ಮಂಗಳೂರಿಗೆ ವಿಮಾನದಲ್ಲಿ ಎಷ್ಟು ಹೊತ್ತು? ಟಿಕೆಟ್ಟಿನಲ್ಲಿ ಒಂದು ಗಂಟೆಯ ಆಸುಪಾಸು ಎಂದಿರುತ್ತದೆ. ದಕ್ಷಿಣ ಬೆಂಗಳೂರಿನ ಮಡಿವಾಳದ ಮನೆಯಲ್ಲಿ ಸೂಟ್‌ಕೇಸ್ ಕಟ್ಟುವವರ ಲೆಕ್ಕವೇ ಬೇರೆ. ಸಿಲ್ಕ್ ಬೋರ್ಡ್‌ನಲ್ಲಿ ಎಷ್ಟು ಹೊತ್ತು, ಹೆಬ್ಬಾಳದಲ್ಲಿ ಎಷ್ಟು ಹೊತ್ತು ಎಂದು ಕೂಡಿಸುತ್ತಾ ಹೋದರೆ, ಬೆಳಗಿನ ಏಳರ ವಿಮಾನಕ್ಕೆ ನಾಲ್ಕಕ್ಕೇ ಕ್ಯಾಬ್ ಬಾಗಿಲಿಗೆ ಬರಬೇಕಾಗುತ್ತದೆ.

ಈ ಲೆಕ್ಕ ಶುರುವಾದದ್ದು 2008ರ ಮೇ 24ರಂದು, ಹೊಸ ವಿಮಾನ ನಿಲ್ದಾಣ ತೆರೆದಾಗ.

ಅದಕ್ಕೂ ಮೊದಲು ಪ್ರಯಾಣಿಕ ವಿಮಾನಗಳು ಏಳುತ್ತಿದ್ದದ್ದು ಎಚ್‌ಎಎಲ್ ರನ್‌ವೇಯಿಂದ. 1940ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಶುರುಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗಾಗಿ ಹುಟ್ಟಿಕೊಂಡ ನೆಲ ಅದು. ವಿಮಾನ ಕಟ್ಟುವ ಜಾಗಕ್ಕೆ ವಿಮಾನ ಹತ್ತುವವರು ಆಮೇಲೆ ಬಂದರು. ಮಡಿವಾಳದವರು ಕೋರಮಂಗಲ, ಒಳವರ್ತುಲ ರಸ್ತೆ, ದೊಮ್ಮಲೂರು ದಾಟಿದರೆ ಸಾಕಿತ್ತು. ಹತ್ತು ಕಿಲೋಮೀಟರಿನೊಳಗೆ ಕೆಲಸ ಮುಗಿಯುತ್ತಿತ್ತು. ಆ ದಾರಿಗೆ ಇವತ್ತಿಗೂ ಹಳೆ ಏರ್‌ಪೋರ್ಟ್ ರಸ್ತೆ ಎಂದೇ ಹೆಸರು.

ದೇವನಹಳ್ಳಿಯಲ್ಲಿ ಹೊಸ ನಿಲ್ದಾಣದ ಬಾಗಿಲು ತೆರೆದಾಗ ವಿಮಾನದ ದಾರಿ ಎಷ್ಟು ಬದಲಾಯಿತು? ನೇರ ಗೆರೆ ಎಳೆದು ಅಳೆದರೆ ಎಚ್‌ಎಎಲ್‌ನಿಂದ ಮಂಗಳೂರಿನ ಬಜ್ಪೆ ನಿಲ್ದಾಣಕ್ಕೆ ಸುಮಾರು 301 ಕಿ.ಮೀ., ದೇವನಹಳ್ಳಿಯಿಂದ ಸುಮಾರು 306. ಚೆನ್ನೈ ಕಡೆಗೆ ಹೊರಟರೆ ದೂರ ಮೂರು ಕಿಲೋಮೀಟರಿನಷ್ಟು ತಗ್ಗಿತು. ಗಂಟೆಗೆ ಎಂಟುನೂರು ಕಿ.ಮೀ. ಹಾರಬಲ್ಲ ಜೆಟ್‌ಗೆ ಇದು ಅರ್ಧ ನಿಮಿಷವೂ ಅಲ್ಲ. ಮಡಿವಾಳಕ್ಕೆ ಮಾತ್ರ ನಿಲ್ದಾಣ ಮೂವತ್ತು ಕಿಲೋಮೀಟರಿಗೂ ಹೆಚ್ಚು ದೂರ ಸರಿಯಿತು. ಅಷ್ಟು ದಾರಿಯನ್ನು ಹೊಸೂರು ರಸ್ತೆಯಲ್ಲಿ ಎದುರು ದಿಕ್ಕಿಗೆ ಸವೆಸಿದರೆ ಅತ್ತಿಬೆಲೆಯ ಗಡಿ ದಾಟಿ ತಮಿಳುನಾಡಿನಲ್ಲಿರುತ್ತೇವೆ!

ಟಿಕೆಟ್ಟಿನ ಆ ಒಂದು ಗಂಟೆಯೂ ಪೂರ್ತಿ ಹಾರಾಟದ್ದಲ್ಲ. ವಿಮಾನ ನಿಂತ ಜಾಗದಿಂದ ಕದಲಿದ ಗಳಿಗೆಯಿಂದ ಇನ್ನೊಂದು ಊರಿನಲ್ಲಿ ನಿಲ್ಲುವ ಗಳಿಗೆಯವರೆಗಿನ ಹೊತ್ತು ಅದು. ರನ್‌ವೇವರೆಗೆ ನಿಧಾನವಾಗಿ ಸಾಗುವುದು, ಸರದಿಗೆ ಕಾಯುವುದು, ಇಳಿಯುವ ಮುನ್ನ ಸುತ್ತುಹಾಕುವುದು ಎಲ್ಲವೂ ಅದರೊಳಗೇ ಸೇರಿದೆ. ಮನೆಯಿಂದ ನಿಲ್ದಾಣದ ದಾರಿ ಮಾತ್ರ ಯಾವ ವೇಳಾಪಟ್ಟಿಗೂ ಸೇರಲಿಲ್ಲ. ನಿಲ್ದಾಣ ದೂರವಾದಾಗ ದಕ್ಷಿಣ ಬೆಂಗಳೂರು ತೆತ್ತ ಬೆಲೆ ಯಾರ ಕಡತದಲ್ಲೂ ಕಾಣದೆ ಉಳಿದದ್ದು ಹೀಗೆ.

ಹಳೆಯ ನಿಲ್ದಾಣವನ್ನೂ ಉಳಿಸಿಕೊಳ್ಳಬಹುದಿತ್ತಲ್ಲ ಎಂದು ಕೇಳುವವರು ಇಂದಿಗೂ ಇದ್ದಾರೆ. ಹೊಸ ನಿಲ್ದಾಣಕ್ಕಾಗಿ ಆದ 2004ರ ಒಪ್ಪಂದ ಅದಕ್ಕೆ ಅಡ್ಡ ನಿಂತಿತು. ಹೊಸ ನಿಲ್ದಾಣ ಶುರುವಾಗಿ 25 ವರ್ಷ ತುಂಬುವವರೆಗೆ, ಎಂದರೆ 2033ರವರೆಗೆ, ಮೈಸೂರು ಮತ್ತು ಹಾಸನ ಬಿಟ್ಟು 150 ಕಿ.ಮೀ. ವ್ಯಾಪ್ತಿಯಲ್ಲಿ ಬೇರೆ ನಿಲ್ದಾಣ ಬರುವಂತಿಲ್ಲ. ಆ ಗಡುವನ್ನು ಕಣ್ಣೆದುರಿಟ್ಟುಕೊಂಡೇ ಎರಡನೇ ನಿಲ್ದಾಣದ ಜಾಗ ಹುಡುಕುವುದು ನಡೆದಿದೆ. 2025ರ ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಕನಕಪುರ ರಸ್ತೆಯ ಎರಡು, ನೆಲಮಂಗಲದ ಕಡೆಯ ಒಂದು ಜಾಗವನ್ನು ನೋಡಿ ಹೋಯಿತು. ಕನಕಪುರ ರಸ್ತೆಯೇ ಗೆದ್ದರೆ ಜೆ.ಪಿ. ನಗರ, ಬನಶಂಕರಿಗಳಿಗೆ ವಿಮಾನ ಮತ್ತೆ ಹತ್ತಿರವಾಗುತ್ತದೆ.

ಅದಕ್ಕೂ ಮೊದಲೇ ಇನ್ನೊಂದು ದಾರಿ ತೆರೆಯಬಹುದು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಹಳದಿ ಮೆಟ್ರೊ ಓಡತೊಡಗಿತು. ಬಿಟಿಎಂ ಲೇಔಟ್‌ಗೂ ಸಿಲ್ಕ್ ಬೋರ್ಡ್‌ಗೂ ನಿಲ್ದಾಣಗಳು ಬಂದವು. ಅದೇ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರ, ಹೆಬ್ಬಾಳ ಬಳಸಿ ವಿಮಾನ ನಿಲ್ದಾಣ ಮುಟ್ಟಬೇಕಾದ ನೀಲಿ ಮಾರ್ಗದ ಉದ್ದ ಸುಮಾರು 58 ಕಿ.ಮೀ. ರೈಲು ಓಡುವವರೆಗೆ, ನಸುಕಿನ ನಾಲ್ಕಕ್ಕೆ ಮಡಿವಾಳದ ಗಲ್ಲಿಗಳಲ್ಲಿ ಕ್ಯಾಬಿನ ದೀಪ ಹೊತ್ತುತ್ತಲೇ ಇರುತ್ತದೆ.